ಮೊದಲು ಸಂಬಳ, ಆಮೇಲೆ ಹೆಸರು

(ಮೈಸೂರಿನ ನಮ್ಮ ಓದುಗರ ಬಳಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಮಧ್ಯೆ ಕರೆಂಟು ಹೋಗಿ ಹತ್ತು ನಿಮಿಷ ಸುಮ್ನೆ ಕೂತಿದ್ದನ್ನು ಮಾತ್ರ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಐಸ್ ಮೇಲೆ ಒಂದು ಹೆಜ್ಜೆಯನ್ನೂ ಇಟ್ಟವಳಲ್ಲ. ನನಗೆ ಗೊತ್ತಿದ್ದ ಐಸ್ ಅಂದರೆ ಫ್ರಿಜ್ಜಿನದು, ಇಲ್ಲ ಕಬ್ಬಿನ ಹಾಲಿನ ಗಾಡಿಯದು. ಐಸ್ ಹಾಕಿಯ ಹುಚ್ಚು ಹತ್ತಿಸಿದ್ದು ನನ್ನ ಅಕ್ಕನ ಮಗಳು. ಅವಳು ಟೊರೊಂಟೊ ಹತ್ತಿರ ಇರುವುದು. ಹೋದ ಹೊಸತರಲ್ಲಿ ಫೋನ್ ಮಾಡಿ, "ಚಿಕ್ಕಮ್ಮ, ಇಲ್ಲಿ ಹಾಕಿ ಅಂದ್ರೆ ಐಸ್ ಹಾಕಿನೇ. ನಮ್ಮ ಹಾಕಿಗೆ ಇವರು ಫೀಲ್ಡ್ ಹಾಕಿ ಅಂತ ಬೇರೆ ಹೆಸರಿಟ್ಟಿದ್ದಾರೆ" ಅಂದಿದ್ದಳು. ನಮ್ಮದೇ ಮನೆಯಲ್ಲಿ ನಮ್ಮನ್ನು ನೆಂಟರು ಅಂದ ಹಾಗೆ ಅನ್ನಿಸಿತ್ತು ನನಗೆ.

2024ರ ಜನವರಿ 1ರ ರಾತ್ರಿ ಅವಳದೇ ಮೆಸೇಜು. "ಯೂಟ್ಯೂಬ್ ಹಾಕು, ಈಗಲೇ." ಇಲ್ಲಿ ಹನ್ನೊಂದು ಗಂಟೆ. ಅಲ್ಲಿ ಮಟಮಟ ಮಧ್ಯಾಹ್ನ. ಹಾಸಿಗೆಯಲ್ಲಿ ಒರಗಿಕೊಂಡು ಫೋನಿನಲ್ಲಿ ನೋಡಿದೆ. ಟೊರೊಂಟೊ ಮತ್ತು ನ್ಯೂಯಾರ್ಕ್ ತಂಡಗಳು. ಕೆನಡಾ, ಅಮೆರಿಕದ ಹೆಂಗಸರ ಐಸ್ ಹಾಕಿಯ ಹೊಸ ಲೀಗಿನ ಮೊಟ್ಟಮೊದಲ ಪಂದ್ಯ. ಪ್ರೊಫೆಷನಲ್ ವಿಮೆನ್ಸ್ ಹಾಕಿ ಲೀಗ್, ಚಿಕ್ಕದಾಗಿ ಪಿಡಬ್ಲ್ಯುಎಚ್ಎಲ್.

ಪಂದ್ಯ ನಡೆದ ಜಾಗದ ಬಗ್ಗೆ ಒಂದು ಮಾತು. ಅದು ಹಳೆಯ ಮೇಪಲ್ ಲೀಫ್ ಗಾರ್ಡನ್ಸ್ ಕಟ್ಟಡ. ಟೊರೊಂಟೊದ ಗಂಡಸರ ತಂಡ 1931ರಿಂದ 1999ರವರೆಗೆ ಆಡಿದ್ದು ಅಲ್ಲೇ. ಈಗ ಕೆಳಗಡೆ ದೊಡ್ಡ ಸೂಪರ್ ಮಾರ್ಕೆಟ್, ಮೇಲಿನ ಮಹಡಿಯಲ್ಲಿ ಐಸ್. ಕೆಳಗೆ ಜನ ಬ್ರೆಡ್ಡು, ಈರುಳ್ಳಿ ಕೊಳ್ಳುತ್ತಿದ್ದಾರೆ, ಮೇಲೆ ಇತಿಹಾಸ ನಡೆಯುತ್ತಿದೆ! ಅವತ್ತು ಬಂದಿದ್ದವರು 2,537 ಜನ. ಜಾಗ ಇದ್ದದ್ದೇ ಅಷ್ಟು. ನ್ಯೂಯಾರ್ಕಿನ ಎಲಾ ಶೆಲ್ಟನ್ ಲೀಗಿನ ಮೊದಲ ಗೋಲ್ ಹೊಡೆದಳು. ಪಂದ್ಯ ಮುಗಿದಾಗ ನ್ಯೂಯಾರ್ಕ್ 4, ಟೊರೊಂಟೊ 0. ಅಕ್ಕನ ಮಗಳು ಅಳುವ ಮುಖದ ಇಮೋಜಿ ಕಳಿಸಿದಳು.

ನನ್ನ ಕಣ್ಣಿಗೆ ಬಿದ್ದದ್ದು ಸ್ಕೋರಲ್ಲ, ಜೆರ್ಸಿ. ಎದೆಯ ಮೇಲೆ ಓರೆಯಾಗಿ ಬರೀ ಊರಿನ ಹೆಸರು. ಹುಲಿ ಇಲ್ಲ, ಸಿಂಹ ಇಲ್ಲ, ಲೋಗೋ ಇಲ್ಲ. ಆರು ತಂಡಗಳದ್ದೂ ಅದೇ ಕಥೆ: ಬಾಸ್ಟನ್, ಮಿನ್ನೆಸೋಟ, ಮಾಂಟ್ರಿಯಲ್, ನ್ಯೂಯಾರ್ಕ್, ಒಟ್ಟಾವಾ, ಟೊರೊಂಟೊ. ಮಾಂಟ್ರಿಯಲ್ಲಿಗೆ ಮೆರೂನ್, ಮಿನ್ನೆಸೋಟಕ್ಕೆ ನೇರಳೆ, ಹೀಗೆ ಬಣ್ಣ ಬೇರೆ ಬೇರೆ ಅಷ್ಟೆ. ಶಾಲೆಯ ಸ್ಪೋರ್ಟ್ಸ್ ಡೇಗೆ ಹಿಂದಿನ ರಾತ್ರಿ ಹೊಲಿಸಿದ ಬನಿಯನ್ನಿನ ಹಾಗಿತ್ತು.

ನಮ್ಮ ಕಡೆ ಇದು ಉಲ್ಟಾ. ಕೊಡಗಿನ ಕೌಟುಂಬಿಕ ಹಾಕಿ ನೋಡಿದವರು ಇಲ್ಲಿ ಇದ್ದೀರಿ, ಅಲ್ವಾ? ಅಲ್ಲಿ ತಂಡಕ್ಕೆ ಹೆಸರು ಹುಡುಕುವ ಕೆಲಸವೇ ಇಲ್ಲ. ಮನೆತನದ ಹೆಸರೇ ತಂಡದ ಹೆಸರು. ಅದೇ 2024ರ ಬೇಸಿಗೆಯಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಹೆಸರು ಮೊದಲೇ ಇತ್ತು, ಆಟ ಆಮೇಲೆ ಬಂತು. ಕೆನಡಾ, ಅಮೆರಿಕದ ಈ ಹೆಂಗಸರದ್ದು ಆಟ ಮೊದಲು, ಹೆಸರು ಆಮೇಲೆ.

ಯಾಕೆ ಅಷ್ಟು ಅವಸರ ಅಂದರೆ, ಸಮಯವೇ ಇರಲಿಲ್ಲ. ಲೀಗ್ ಬರುತ್ತದೆ ಅಂತ ಅಧಿಕೃತವಾಗಿ ಹೇಳಿದ್ದು 2023ರ ಆಗಸ್ಟ್ 29ಕ್ಕೆ. ಸೆಪ್ಟೆಂಬರ್ 18ಕ್ಕೆ ಡ್ರಾಫ್ಟ್, ಅಂದರೆ ತಂಡಗಳು ಸರದಿಯ ಮೇಲೆ ಆಟಗಾರ್ತಿಯರನ್ನು ಆರಿಸಿಕೊಳ್ಳುವುದು. ಜನವರಿ 1ಕ್ಕೆ ಪಂದ್ಯ. ನಾಲ್ಕು ತಿಂಗಳು. ನಮ್ಮಲ್ಲಿ ಮದುವೆಯ ಛತ್ರ ಹಿಡಿಯಲಿಕ್ಕೇ ಅದಕ್ಕಿಂತ ಜಾಸ್ತಿ ದಿನ ಬೇಕು. ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದರು. ಆ ಅರ್ಜಿಗಳು ಜನರ ಕಣ್ಣಿಗೆ ಬಿದ್ದವು. ಟೊರೊಂಟೊ ಟಾರ್ಚ್, ಮಾಂಟ್ರಿಯಲ್ ಎಕೋ, ಒಟ್ಟಾವಾ ಅಲರ್ಟ್ ಅಂತೆಲ್ಲ ಇದ್ದವು. ಕೊನೆಗೆ ಅವು ಯಾವುವೂ ಬೇಡ, ಈ ವರ್ಷ ಬರೀ ಊರಿನ ಹೆಸರಲ್ಲೇ ಆಡೋಣ ಅಂತಾಯಿತು. ನನ್ನನ್ನು ಕೇಳಿದರೆ ಒಳ್ಳೆಯದೇ ಆಯಿತು. ಒಟ್ಟಾವಾ ಅಲರ್ಟ್ ಅಂದರೆ ಹವಾಮಾನ ಇಲಾಖೆಯ ಸುದ್ದಿಯ ಹಾಗೆ ಕೇಳಿಸುತ್ತದೆ.

ಹೆಸರಿಗೆ ಪುರುಸೊತ್ತಿಲ್ಲದ ಇವರು ಒಂದು ಕೆಲಸವನ್ನು ಮಾತ್ರ ಎಲ್ಲಕ್ಕಿಂತ ಮೊದಲು ಮಾಡಿ ಮುಗಿಸಿದ್ದರು. ಸಂಬಳದ ಕರಾರು. ತಂಡಗಳು ಹುಟ್ಟುವ ಮೊದಲೇ, 2023ರ ಜುಲೈನಲ್ಲೇ, ಆಟಗಾರ್ತಿಯರ ಸಂಘ ಮತ್ತು ಮಾಲೀಕರು ಕರಾರಿಗೆ ಒಪ್ಪಿದ್ದರು. 2031ರವರೆಗಿನ ಕರಾರು ಅದು. ಮೊದಲ ವರ್ಷಕ್ಕೆ ಕನಿಷ್ಠ ಸಂಬಳ 35,000 ಡಾಲರ್. ಒಂದು ತಂಡದಲ್ಲಿ ಒಂಬತ್ತು ಜನಕ್ಕಿಂತ ಹೆಚ್ಚಿನವರಿಗೆ ಅಷ್ಟು ಕಡಿಮೆ ಕೊಡುವ ಹಾಗಿಲ್ಲ. ಕನಿಷ್ಠ ಆರು ಜನಕ್ಕೆ 80,000 ಅಥವಾ ಅದಕ್ಕೂ ಮೇಲೆ ಕೊಡಬೇಕು. ಮನೆ ಬಾಡಿಗೆಗೆ ತಿಂಗಳಿಗೆ 1,500 ಡಾಲರ್ ಬೇರೆ. ಹೆರಿಗೆ ರಜೆಯ ಮಾತೂ ಅದರಲ್ಲಿದೆ. ಮಿನ್ನೆಸೋಟದ ಕ್ಯಾಪ್ಟನ್ ಕೆಂಡಲ್ ಕಾಯ್ನ್ ಸ್ಕೋಫೀಲ್ಡ್‌ಗೆ ಆ ಜುಲೈನಲ್ಲೇ ಮಗು ಹುಟ್ಟಿತ್ತು. ಜನವರಿಯಲ್ಲಿ ಐಸ್ ಮೇಲಿದ್ದಳು.

35,000 ಡಾಲರ್ ಅಂದರೆ ಆಗಿನ ಲೆಕ್ಕದಲ್ಲಿ 29 ಲಕ್ಷ ರೂಪಾಯಿ. ಕೇಳಿದ ಕೂಡಲೇ ಬಾಯಿ ಬಿಡಬೇಡಿ. ಅದು ಅಲ್ಲಿ ದೊಡ್ಡ ಸಂಬಳವಲ್ಲ. ಆದರೆ ಹಿಂದೆ ಏನಿತ್ತು ನೋಡಿ. 2007ರಲ್ಲಿ ಕೆನಡಾದಲ್ಲಿ ಹೆಂಗಸರ ಒಂದು ಲೀಗ್ ಶುರುವಾಗಿತ್ತು. ಹತ್ತು ವರ್ಷ ಆಡಿದವರಿಗೆ ಸಂಬಳ ಅಂತ ಒಂದು ಕಾಸೂ ಇರಲಿಲ್ಲ. 2017ರಲ್ಲಿ ಕೊಡಲು ಶುರು ಮಾಡಿದರು, ಸೀಸನ್ನಿಗೆ 2,000ದಿಂದ 10,000 ಕೆನಡಾ ಡಾಲರ್. 2015ರಲ್ಲಿ ಅಮೆರಿಕದಲ್ಲಿ ಇನ್ನೊಂದು ಲೀಗ್ ಹುಟ್ಟಿತು, ಮೊದಲ ದಿನದಿಂದಲೇ ಸಂಬಳ ಕೊಡುತ್ತೇವೆ ಅಂತ. ಮರುವರ್ಷ ಸೀಸನ್ ನಡುವೆಯೇ ಸಂಬಳ ಕತ್ತರಿಸಿದರು. ಒಲಿಂಪಿಕ್ಸ್ ಚಿನ್ನ ಗೆದ್ದವರು ಹಗಲು ಶಾಲೆಯಲ್ಲಿ ಪಾಠ ಮಾಡಿ, ಆಫೀಸಿನಲ್ಲಿ ಲೆಕ್ಕ ಬರೆದು, ರಾತ್ರಿ ಯಾರಿಗೂ ಬೇಡದ ಹೊತ್ತಿನಲ್ಲಿ ಸಿಗುವ ರಿಂಕಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು.

2019ರ ವಸಂತದಲ್ಲಿ ಕೆನಡಾದ ಆ ಲೀಗ್ ಬಾಗಿಲು ಹಾಕಿತು. ಫೈನಲ್ ಮುಗಿದು ಒಂದು ವಾರವಷ್ಟೇ ಆಗಿತ್ತು, ಮುಚ್ಚುತ್ತಿದ್ದೇವೆ ಅಂತ ಹೇಳಿಬಿಟ್ಟರು. ಆಗ ಅವರಿಗಿದ್ದ ದಾರಿ, ಉಳಿದಿರುವ ಅಮೆರಿಕದ ಲೀಗಿಗೆ ಹೋಗಿ ಸೇರಿಕೊಳ್ಳುವುದು. ಹೆಚ್ಚಿನವರು ಹಾಗೆ ಮಾಡಲಿಲ್ಲ. ಮೇ ತಿಂಗಳಲ್ಲಿ ಸುಮಾರು 200 ಜನ ಒಟ್ಟಿಗೆ ಹೇಳಿದರು: ಬದುಕಲು ಸಾಕಾಗುವಷ್ಟು ಸಂಬಳ, ಆರೋಗ್ಯ ವಿಮೆ, ಸರಿಯಾದ ವ್ಯವಸ್ಥೆ ಬರುವವರೆಗೆ ನಾವು ಉತ್ತರ ಅಮೆರಿಕದ ಯಾವ ಲೀಗಿನಲ್ಲೂ ಆಡುವುದಿಲ್ಲ. ತಮ್ಮದೇ ಸಂಘ ಕಟ್ಟಿಕೊಂಡು ಊರೂರಿನಲ್ಲಿ ಪ್ರದರ್ಶನ ಪಂದ್ಯ ಆಡಿದರು. ನಡುವೆ ಕೋವಿಡ್ ಬಂತು. ನಾಲ್ಕು ವರ್ಷ! ಆಟಗಾರರ ಆಯುಸ್ಸಿನಲ್ಲಿ ನಾಲ್ಕು ವರ್ಷ ಅಂದರೆ ಎಷ್ಟು ಅಂತ ಯೋಚಿಸಿ. ಕೆಲವರಿಗೆ ಆ ನಾಲ್ಕು ವರ್ಷದಲ್ಲೇ ಆಟ ಮುಗಿಯಿತು. ಅವರು ಹಟ ಹಿಡಿದದ್ದರ ಫಲ ಅವರಿಗೆ ಸಿಗಲಿಲ್ಲ.

ಸಲಹೆ ಕೇಳಲು ಇವರು ಹೋಗಿದ್ದು ಬಿಲ್ಲಿ ಜೀನ್ ಕಿಂಗ್ ಹತ್ತಿರ. ಟೆನಿಸ್ಸಿನ ಬಿಲ್ಲಿ ಜೀನ್. 1970ರಲ್ಲಿ ಒಂದೊಂದು ಡಾಲರಿನ ಕರಾರಿಗೆ ಸಹಿ ಹಾಕಿ ಬೇರೆ ಟೂರ್ನಿ ಕಟ್ಟಿದ ಒಂಬತ್ತು ಹೆಂಗಸರಲ್ಲಿ ಅವರೂ ಒಬ್ಬರು. ಅವರ ಮೂಲಕ ದುಡ್ಡಿನವರು ಬಂದರು, ಮಾರ್ಕ್ ವಾಲ್ಟರ್ ಮತ್ತು ಅವರ ಹೆಂಡತಿ ಕಿಂಬ್ರಾ. ಬೇಸ್‌ಬಾಲಿನ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದ ಮಾಲೀಕರಲ್ಲಿ ಮಾರ್ಕ್ ಮುಖ್ಯರು. ಆಗಿದ್ದ ಆರೂ ತಂಡಗಳಿಗೆ ಇವರೇ ಮಾಲೀಕರು. ಐಪಿಎಲ್ ಹಾಗೆ ತಂಡಕ್ಕೊಬ್ಬ ಸಾಹುಕಾರ ಇಲ್ಲ.

ಇಲ್ಲಿ ಒಂದು ಕಹಿ ಸಂಗತಿಯನ್ನು ಹೇಳದೆ ಮುಂದೆ ಹೋದರೆ ನಾನು ಜಾಹೀರಾತು ಮಾಡಿದ ಹಾಗಾಗುತ್ತದೆ. ಅಮೆರಿಕದ ಆ ಹಳೆಯ ಲೀಗ್ ಅಷ್ಟರಲ್ಲಿ ಹೆಸರು ಬದಲಿಸಿಕೊಂಡು, ಸಂಬಳ ಏರಿಸಿಕೊಂಡು ಚೆನ್ನಾಗಿಯೇ ನಡೆಯುತ್ತಿತ್ತು. 2023ರ ಜೂನ್ ಕೊನೆಗೆ ವಾಲ್ಟರ್ ಕಡೆಯವರು ಅದನ್ನು ಕೊಂಡುಕೊಂಡರು, ಕೊಂಡು ಮುಚ್ಚಿದರು. ಅಲ್ಲಿ ಏಳು ತಂಡಗಳಿದ್ದವು. ಮುಂದಿನ ವರ್ಷಕ್ಕೆ ಸಹಿಯಾಗಿದ್ದ ಕರಾರುಗಳು ರದ್ದಾದವು. ಹೊಸ ಲೀಗಿನಲ್ಲಿ ಆರೇ ತಂಡ, ಜೊತೆಗೆ ಪಟ್ಟು ಹಿಡಿದು ಕೂತಿದ್ದ ಆ 200 ಜನರೂ ಸಾಲಿನಲ್ಲಿ. ಎಷ್ಟು ಜನಕ್ಕೆ ಜಾಗ ಸಿಗಬಹುದು, ನೀವೇ ಲೆಕ್ಕ ಹಾಕಿ. ಒಬ್ಬರ ಮನೆಗೆ ದೀಪ ಬರಲು ಪಕ್ಕದ ಮನೆಯ ಫ್ಯೂಸ್ ಕಿತ್ತರು. ನನಗೆ ಇವತ್ತಿಗೂ ಇದು ಸರಿ ಅನ್ನಿಸಿಲ್ಲ. ಮೊದಲ ಪಂದ್ಯದಲ್ಲಿ ಒಂದು ಗೋಲೂ ಬಿಡದೆ ನ್ಯೂಯಾರ್ಕ್ ಗೋಲ್ ಕಾಯ್ದ ಕೊರಿನ್ ಶ್ರೋಡರ್ ಅದೇ ಮುಚ್ಚಿಹೋದ ಲೀಗಿನಿಂದ ಬಂದವಳು. ಕಟ್ಟಿದ ಕೋಟೆಯ ಬಾಗಿಲು ಕಾಯಲು ಕೆಡವಿದ ಮನೆಯವರೇ ಬೇಕಾದರು.

ಸರಿ, ಆಟಕ್ಕೆ ಬರೋಣ. ಜನ ಬರುತ್ತಾರಾ ಅನ್ನುವುದು ಎಲ್ಲರ ಅನುಮಾನ. ಜನವರಿ 2ಕ್ಕೆ ಒಟ್ಟಾವಾದಲ್ಲಿ 8,318 ಜನ ಬಂದರು. ವೃತ್ತಿಪರ ಮಹಿಳಾ ಹಾಕಿಗೆ ಅಲ್ಲಿಯವರೆಗೆ ಅಷ್ಟು ಜನ ಸೇರಿದ್ದೇ ಇಲ್ಲ. ಆ ದಾಖಲೆ ನಾಲ್ಕು ದಿನ ಬಾಳಿತು. 6ನೇ ತಾರೀಕು ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ 13,316. ಅವತ್ತು ಗ್ರೇಸ್ ಝಮ್‌ವಿಂಕಲ್ ಒಬ್ಬಳೇ ಮೂರು ಗೋಲ್ ಹೊಡೆದಳು. ಫೆಬ್ರುವರಿ 16ಕ್ಕೆ ಟೊರೊಂಟೊದ ಸ್ಕೋಷಿಯಾಬ್ಯಾಂಕ್ ಅರೀನಾದಲ್ಲಿ 19,285. ಏಪ್ರಿಲ್ 20ಕ್ಕೆ ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ 21,105. ಲೀಗ್ ಹಂತದ 72 ಪಂದ್ಯಕ್ಕೆ ಒಟ್ಟು 3,92,259 ಜನ.

ಆ ಫೆಬ್ರುವರಿಯ ಪಂದ್ಯಕ್ಕೆ ಅಕ್ಕನ ಮಗಳು ತನ್ನ ಏಳು ವರ್ಷದ ಮಗಳನ್ನು ಕರೆದುಕೊಂಡು ಹೋಗಿದ್ದಳು. "ಚಿಕ್ಕಮ್ಮ, ಹೊರಗೆ ಕೋಟು ಹಾಕಿದ್ದನ್ನ ಒಳಗೂ ಬಿಚ್ಚೋ ಹಾಗಿರ್ಲಿಲ್ಲ, ಐಸಿನ ಚಳಿ ಕಾಲಿಂದ ಹತ್ತುತ್ತೆ" ಅಂದಳು. ಗಾಜಿನ ಹತ್ತಿರದ ಸೀಟು. ಪಕ್, ಅಂದರೆ ಚೆಂಡಿನ ಬದಲು ಆಡುವ ರಬ್ಬರಿನ ಬಿಲ್ಲೆ, ಗಾಜಿಗೆ ಬಡಿದಾಗ ಮಗು ಬೆಚ್ಚಿ ಅಮ್ಮನ ತೋಳು ಹಿಡಿಯಿತಂತೆ. ಎರಡನೇ ಸಲ ಬಡಿದಾಗ ನಕ್ಕಿತಂತೆ. ಮೂರನೇ ಸಲಕ್ಕೆ ತಾನೇ ಗಾಜು ಬಡಿಯಲು ಎದ್ದು ನಿಂತಿತಂತೆ. ಮನೆಗೆ ಬಂದ ಮೇಲೆ ಕೇಳಿತಂತೆ, "ಹುಡುಗರು ಆಡೋದು ಯಾವಾಗ?" ಅಂತ. ಅವರೂ ಆಡುತ್ತಾರೆ ಅನ್ನುವುದು ಅದಕ್ಕೆ ಸರಿಯಾಗಿ ಗೊತ್ತಿರಲಿಲ್ಲ.

ಎಲ್ಲಾ ಕಡೆ ಹಾಗೆ ಜನಜಾತ್ರೆ ಅಂದುಕೊಳ್ಳಬೇಡಿ. ನ್ಯೂಯಾರ್ಕ್ ತಂಡದ ಪಾಡು ಬೇರೆ. ಹೆಸರು ನ್ಯೂಯಾರ್ಕ್, ಪ್ರಾಕ್ಟೀಸು ಪಕ್ಕದ ಕನೆಕ್ಟಿಕಟ್ ರಾಜ್ಯದಲ್ಲಿ. ಪಂದ್ಯ ಒಮ್ಮೆ ಅದೇ ರಾಜ್ಯದ ಬ್ರಿಡ್ಜ್‌ಪೋರ್ಟ್‌ನಲ್ಲಿ, ಒಮ್ಮೆ ಲಾಂಗ್ ಐಲ್ಯಾಂಡಿನಲ್ಲಿ, ಒಮ್ಮೆ ನ್ಯೂಜೆರ್ಸಿಯಲ್ಲಿ. ಬೆಂಗಳೂರು ತಂಡ ಅಂತ ಹೇಳಿ ಒಂದು ವಾರ ಕೃಷ್ಣಗಿರಿ, ಇನ್ನೊಂದು ವಾರ ಹಿಂದೂಪುರ ಅಂದರೆ ಯಾರು ತಾನೆ ಬರುತ್ತಾರೆ? ಕುರ್ಚಿಗಳು ಖಾಲಿ. ಪಟ್ಟಿಯಲ್ಲೂ ಕೊನೆಯ ಸ್ಥಾನ.

ಮಾರ್ಚ್ 16ಕ್ಕೆ ತಂಡವೇ ಇಲ್ಲದ ಡೆಟ್ರಾಯಿಟ್‌ನಲ್ಲಿ ಪಂದ್ಯ ಆಡಿಸಿ ನೋಡಿದರು. 13,736 ಜನ. ಮರುದಿನ ಪಿಟ್ಸ್‌ಬರ್ಗ್. ಆ ಮರುದಿನ ನನಗೆ ಬೇರೆ ಕಾರಣಕ್ಕೆ ನೆನಪು. ಮಾರ್ಚ್ 17, 2024. ಡೆಲ್ಲಿಯಲ್ಲಿ ಆರ್‌ಸಿಬಿ ಹೆಂಗಸರು ಕಪ್ ಎತ್ತಿದ ರಾತ್ರಿ. ನಮ್ಮ ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ತೆಗೆದಿದ್ದಳು. ನಮ್ಮ ಬೀದಿಯಲ್ಲಿ ಪಟಾಕಿ. ಹದಿನಾರು ವರ್ಷ "ಈ ಸಲ ಕಪ್ ನಮ್ದೇ" ಅಂದು ಗಂಟಲು ಕಟ್ಟಿಸಿಕೊಂಡವರು ಅವತ್ತು ಹುಡುಗಿಯರ ಹೆಸರು ಕೂಗುತ್ತಿದ್ದರು. ಅವತ್ತು ಪಿಟ್ಸ್‌ಬರ್ಗ್ ಪಂದ್ಯವನ್ನು ನಾನು ನೋಡಲಿಲ್ಲ. ಕ್ಷಮೆಯೇನೂ ಕೇಳುವುದಿಲ್ಲ.

ನಿಯಮಗಳಲ್ಲಿ ಒಂದನ್ನು ಹೇಳಲೇಬೇಕು, ನನಗೆ ತುಂಬಾ ಇಷ್ಟವಾದದ್ದು. ಐಸ್ ಹಾಕಿಯಲ್ಲಿ ತಪ್ಪು ಮಾಡಿದವರನ್ನು ಎರಡು ನಿಮಿಷ ಪಕ್ಕದ ಗೂಡಿನಲ್ಲಿ ಕೂರಿಸುತ್ತಾರೆ. ಅಷ್ಟು ಹೊತ್ತು ಅವರ ತಂಡದಲ್ಲಿ ಒಬ್ಬರು ಕಡಿಮೆ. ಈ ಲೀಗಿನಲ್ಲಿ ಏನು ಮಾಡಿದರು ಅಂದರೆ, ಒಬ್ಬರು ಕಡಿಮೆ ಇರುವ ತಂಡವೇ ಆ ಹೊತ್ತಿನಲ್ಲಿ ಗೋಲ್ ಹೊಡೆದರೆ ಶಿಕ್ಷೆ ಮಾಫಿ. ಒಳಗೆ ಕೂತವಳು ಬಾಗಿಲು ತಳ್ಳಿಕೊಂಡು ಓಡಿ ಬರಬಹುದು. ಇದಕ್ಕೆ ಅವರು ಇಟ್ಟ ಹೆಸರು ಜೈಲ್‌ಬ್ರೇಕ್. ತಂಡಗಳಿಗೆ ಹೆಸರಿಲ್ಲ, ನಿಯಮಕ್ಕೆ ಎಂಥಾ ಹೆಸರು ನೋಡಿ!

ಇನ್ನೊಂದು ನಿಯಮದಿಂದಲೇ ಕಥೆ ತಿರುಗಿದ್ದು. ಮೊದಲ ನಾಲ್ಕು ತಂಡ ಪ್ಲೇಆಫ್‌ಗೆ. ಒಂದನೇ ಸ್ಥಾನ ಬಂದವರು ಮೂರನೆಯವರನ್ನೋ ನಾಲ್ಕನೆಯವರನ್ನೋ ಎದುರಾಳಿಯಾಗಿ ತಾವೇ ಆರಿಸಿಕೊಳ್ಳಬಹುದು. ಒಂದನೇ ಸ್ಥಾನ ಟೊರೊಂಟೊ. ಮೊದಲ ಪಂದ್ಯದಲ್ಲಿ 4-0 ಸೋತ ಅದೇ ತಂಡ ನಡುವೆ ಸತತ ಹನ್ನೊಂದು ಗೆದ್ದಿತ್ತು. ನಟಾಲಿ ಸ್ಪೂನರ್ 24 ಪಂದ್ಯದಲ್ಲಿ 20 ಗೋಲ್ ಹೊಡೆದಿದ್ದಳು. ಮೂರನೆಯದು ಬಾಸ್ಟನ್. ನಾಲ್ಕನೆಯದು ಮಿನ್ನೆಸೋಟ, ಕೊನೆಯ ಐದು ಪಂದ್ಯ ಸಾಲಾಗಿ ಸೋತು, ತೆವಳಿಕೊಂಡು ಒಳಗೆ ಬಂದದ್ದು. ಅದೂ ಹೇಗೆ? ಕೊನೆಯ ದಿನ ಟೊರೊಂಟೊ ಒಟ್ಟಾವಾವನ್ನು ಸೋಲಿಸಿದ್ದರಿಂದ. ಬಾಗಿಲು ತೆಗೆದು ಒಳಗೆ ಬಿಟ್ಟದ್ದೂ ಟೊರೊಂಟೊ. ಆಮೇಲೆ "ಇವರೇ ಬರಲಿ" ಅಂತ ಆರಿಸಿಕೊಂಡದ್ದೂ ಟೊರೊಂಟೊ.

ಐದು ಪಂದ್ಯದ ಸರಣಿ, ಮೂರು ಗೆದ್ದವರು ಫೈನಲ್‌ಗೆ. ಮೊದಲ ಎರಡರಲ್ಲಿ ಮಿನ್ನೆಸೋಟ ಒಂದು ಗೋಲನ್ನೂ ಹೊಡೆಯಲಿಲ್ಲ. ಅಲ್ಲಿಗೆ ಸಾಲಾಗಿ ಏಳು ಸೋಲು. ಮೂರನೇ ಪಂದ್ಯದಲ್ಲಿ ಸ್ಪೂನರ್ ಮಂಡಿಗೆ ಪೆಟ್ಟು ಬಿತ್ತು. ಆ ಸರಣಿಯಲ್ಲಿ ಅವಳು ಮತ್ತೆ ಆಡಲಿಲ್ಲ. ಮಿನ್ನೆಸೋಟ ಅದನ್ನು ಗೆದ್ದಿತು, ನಾಲ್ಕನೆಯದನ್ನು ಗೆದ್ದಿತು, ಐದನೆಯದನ್ನೂ ಗೆದ್ದಿತು. ಅಕ್ಕನ ಮಗಳು ಎರಡು ದಿನ ಫೋನ್ ಎತ್ತಲಿಲ್ಲ. ಆ ಕಡೆ ಬಾಸ್ಟನ್ ಮಾಂಟ್ರಿಯಲ್ಲನ್ನು ಮೂರಕ್ಕೆ ಮೂರೂ ಓವರ್‌ಟೈಮಿನಲ್ಲಿ, ಅಂದರೆ ಸಮ ಆದ ಮೇಲಿನ ಹೆಚ್ಚುವರಿ ಆಟದಲ್ಲಿ, ಸೋಲಿಸಿತು. ಕೆನಡಾ ದೇಶದ ತಂಡದ ಕ್ಯಾಪ್ಟನ್ ಮರಿ-ಫಿಲಿಪ್ ಪೂಲಾಂ ಅಂಥವಳಿದ್ದ ತಂಡ ಒಂದನ್ನೂ ಗೆಲ್ಲದೆ ಮನೆಗೆ ಹೋಯಿತು.

ಈಗ ಫೈನಲ್. ಇದೂ ಐದು ಪಂದ್ಯ. ಮೇ 26ಕ್ಕೆ ಸೇಂಟ್ ಪಾಲ್‌ನಲ್ಲಿ ನಾಲ್ಕನೆಯದು. ಮಿನ್ನೆಸೋಟ 2-1 ಮುಂದಿದೆ, ಇದೊಂದು ಗೆದ್ದರೆ ಸ್ವಂತ ಊರಿನಲ್ಲೇ ಕಪ್. ನಮ್ಮಲ್ಲಿ ಸೋಮವಾರ ಬೆಳಗ್ಗೆ. ಒಲೆಯ ಮೇಲೆ ಕುಕ್ಕರ್, ಗೋಡೆಗೆ ಒರಗಿಸಿದ ಫೋನು. ಮೂರು ಪೀರಿಯಡ್, ಅಂದರೆ ಪಂದ್ಯದ ಪೂರ್ತಿ ಹೊತ್ತು, ಮುಗಿದರೂ 0-0. ಒಂದು ಓವರ್‌ಟೈಮ್ ಮುಗಿದರೂ 0-0. ಎರಡನೇ ಓವರ್‌ಟೈಮಿನಲ್ಲಿ ಸೋಫಿ ಜಾಕ್ಸ್ ಹೊಡೆದ ಪಕ್ ಒಳಗೆ ಹೋಯಿತು. ಈ ಸೋಫಿ ಫೆಬ್ರುವರಿಯವರೆಗೆ ಬಾಸ್ಟನ್ ತಂಡದಲ್ಲೇ ಇದ್ದವಳು. ಬಾಸ್ಟನ್ನೇ ಅವಳನ್ನು ಬಿಟ್ಟುಕೊಟ್ಟಿತ್ತು.

ಗೋಲ್! ಬೆಂಚಿನಲ್ಲಿದ್ದವರೆಲ್ಲ ಐಸಿಗೆ ಹಾರಿದರು. ಹೆಲ್ಮೆಟ್ ಕಿತ್ತು ಎಸೆದರು, ಗ್ಲೌಸ್ ಎಸೆದರು, ಸ್ಟಿಕ್ ಎಸೆದರು, ಒಬ್ಬರ ಮೇಲೊಬ್ಬರು ಬಿದ್ದರು. ನಾನಿಲ್ಲಿ ಕುಕ್ಕರಿನ ವಿಷಲ್ ಎಣಿಸುವುದನ್ನು ಮರೆತೆ. ಆಮೇಲೆ ರೆಫರಿಗಳು ವಿಡಿಯೊ ನೋಡಲು ಹೋದರು. ಬಂದು ಹೇಳಿದರು, ಗೋಲ್‌ಕೀಪರಿಗೆ ಅಡ್ಡಿಯಾಗಿದೆ, ಈ ಗೋಲ್ ಇಲ್ಲ.

ನನ್ನ ಕಣ್ಣಿನಲ್ಲಿ ಉಳಿದಿರುವುದು ಆಮೇಲಿನದು. ಐಸ್ ತುಂಬಾ ಗ್ಲೌಸು, ಹೆಲ್ಮೆಟ್ಟು ಚೆಲ್ಲಾಪಿಲ್ಲಿ. ಕಪ್ ಗೆದ್ದೆವು ಅಂತ ಅತ್ತವರು ಈಗ ಬಗ್ಗಿ, ಯಾವುದು ಯಾರದ್ದು ಅಂತ ನೋಡಿ, ಎತ್ತಿ ಹಾಕಿಕೊಂಡು, ಮತ್ತೆ ಆಡಬೇಕು. ಎರಡು ನಿಮಿಷವೂ ಆಗಲಿಲ್ಲ, ಬಾಸ್ಟನ್ನಿನ ಅಲಿನಾ ಮುಲ್ಲರ್ ಗೋಲ್ ಹೊಡೆದಳು. ಪಂದ್ಯ ಮುಗಿಯಿತು. 2-2. ಅವತ್ತು ನಮ್ಮ ಮನೆಯ ಅನ್ನ ಗಂಜಿಯಾಗಿತ್ತು.

ಮೇ 29ರ ಐದನೇ ಪಂದ್ಯ ಲೋವೆಲ್ ಅನ್ನುವ ಊರಿನಲ್ಲಿ. ಬಾಸ್ಟನ್ ತಂಡದ ಮನೆಯಂಗಳವೂ ಬಾಸ್ಟನ್ನಿನಲ್ಲಿರಲಿಲ್ಲ, ಅದೊಂದು ಸಮಾಧಾನ ನ್ಯೂಯಾರ್ಕಿಗೆ. ಮಿನ್ನೆಸೋಟ 3-0 ಗೆದ್ದಿತು. ಮೊದಲ ಗೋಲ್ ಲಿಜ್ ಶೆಪರ್ಸ್‌ದು, ಕೊನೆಯದು ಕ್ಯಾಪ್ಟನ್ ಕೆಂಡಲ್‌ದು. ಡ್ರಾಫ್ಟಿನಲ್ಲಿ ಮೊಟ್ಟಮೊದಲು ಹೆಸರು ಕೂಗಿಸಿಕೊಂಡಿದ್ದ ಟೇಲರ್ ಹೈಸಿಗೆ ಪ್ಲೇಆಫಿನ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ. ಎತ್ತಿದ ಕಪ್ಪಿನ ಹೆಸರು ವಾಲ್ಟರ್ ಕಪ್. ತಂಡಕ್ಕೆ ಹೆಸರಿಡಲು ಪುರುಸೊತ್ತಿರಲಿಲ್ಲ, ಕಪ್ಪಿಗೆ ಮಾತ್ರ ಮಾಲೀಕರ ಹೆಸರು ಬಂದಾಗಿತ್ತು. ತಂಡದ ಹೆಸರುಗಳು ಬಂದದ್ದು ಸೆಪ್ಟೆಂಬರಿನಲ್ಲಿ. ಮಿನ್ನೆಸೋಟ ಫ್ರಾಸ್ಟ್ ಆಯಿತು, ಟೊರೊಂಟೊ ಸೆಪ್ಟರ್ಸ್ ಆಯಿತು.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ನಮ್ಮಲ್ಲಿ ಹೆಂಗಸರು ಐಸ್ ಹಾಕಿ ಆಡುತ್ತಾರಾ ಅಂತ ಒಬ್ಬ ಕಾಲೇಜು ಹುಡುಗಿ ಕೇಳಿದಳು. ಆಡುತ್ತಾರಮ್ಮ. ಲಡಾಖಿನವರು, ಹಿಮಾಚಲದ ಸ್ಪಿತಿಯವರು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಸಿಗುವ ಕೆಲವೇ ವಾರ ಹೆಚ್ಚಾಗಿ ಅವರ ಪ್ರಾಕ್ಟೀಸು. 2025ರಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಹೆಂಗಸರು ಕಂಚು ಗೆದ್ದು ಬಂದರು. ಅವರಿಗೆ ಇಂಥ ಸಂಬಳದ ಕರಾರು ಇಲ್ಲ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನ ಮೇಷ್ಟ್ರದ್ದು. "ಅಲ್ಲಮ್ಮ, ಆ ಗೋಲು ನಿಜಕ್ಕೂ ಗೋಲೋ, ಅಲ್ವೋ?" ಅದನ್ನು ನಾನು ಹತ್ತು ಸಲವಾದರೂ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ ಮೇಷ್ಟ್ರೇ. ಬೆಳಗ್ಗೆ ನೋಡಿದರೆ ಅಲ್ಲ ಅನ್ನಿಸುತ್ತದೆ. ರಾತ್ರಿ ನೋಡಿದರೆ ಗೋಲೇ ಅನ್ನಿಸುತ್ತದೆ.